ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಹಾಗಾದರೆ ಕುಡಿತ ಬಿಟ್ಟ ನಾನು ಯಾರು?

ತುಂಗಾ ತೀರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನನಗೆ 43 ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿ. ಪಕ್ಕದ ಊರಿನಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಕುಡಿತ ಬಿಟ್ಟು ಒಂಬತ್ತು ವರ್ಷ ಆಯಿತು. ಅದಕ್ಕೂ ಮುಂಚೆ ಹದಿಮೂರು ವರ್ಷ ಕುಡಿದೆ. ಸಾರಾಯಿ ಪ್ಯಾಕೆಟ್‌ನಿಂದ ಶುರು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತಲ್ಲ, ಇನ್ನು ಇವರೆಲ್ಲ ಸರಿ ಹೋಗುತ್ತಾರೆ ಅಂತ ಊರಿನ ಹೆಂಗಸರು ಅಂದುಕೊಂಡಿದ್ದರು. ನಾನು ವೈನ್ ಶಾಪಿಗೆ ಹೋಗಲು ಶುರು ಮಾಡಿದೆ, ಅಷ್ಟೇ.

ಹೆಂಡತಿಯ ಬೆಂಡೋಲೆ ಮಾರಿದೆ. ಕಿರಾಣಿ ಅಂಗಡಿಯಲ್ಲಿ ಸಾಲ ಮಾಡಿ ತಲೆ ತಪ್ಪಿಸಿಕೊಂಡು ಓಡಾಡಿದೆ. ಅಪ್ಪನ ತಿಥಿ ದಿನ ಕೆರೆ ಏರಿ ಮೇಲೆ ಬಿದ್ದಿದ್ದೆ, ಊರಿನವರು ಎತ್ತಿಕೊಂಡು ಬಂದರು. ಇದನ್ನೆಲ್ಲ ಬರೆಯುವುದು ಕಷ್ಟ. ಆದರೆ ಬರೆಯದಿದ್ದರೆ ನನ್ನ ಪ್ರಶ್ನೆ ಅರ್ಥ ಆಗುವುದಿಲ್ಲ.

ಹೋದ ತಿಂಗಳು ಮಾರಿ ಜಾತ್ರೆಗೆ ಕಮಿಟಿ ಮಾಡಿದರು. ಲೆಕ್ಕದ ಪುಸ್ತಕ ನನ್ನ ಕೈಗೆ ಕೊಡೋಣ ಅಂತ ಹುಡುಗರು ಹೇಳಿದರು. ಹಿರಿಯರೊಬ್ಬರು ಎಲ್ಲರ ಎದುರೇ ಅಂದರು: 'ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣ್ರಪ್ಪಾ. ಬೇರೆ ಯಾರನ್ನಾದರೂ ನೋಡಿ.' ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಮನೆಗೆ ಬಂದರೆ ಮಗಳು ಓಡಿ ಬಂದು ಕೈಯಲ್ಲಿದ್ದ ಚೀಲ ತೆಗೆದುಕೊಂಡಳು. ಎಂಟು ವರ್ಷ ಅವಳಿಗೆ. ಹುಟ್ಟಿದ್ದೇ ನಾನು ಬಿಟ್ಟ ಮೇಲೆ. ಅವಳಿಗೆ ಗೊತ್ತಿರುವ ಅಪ್ಪನೇ ಬೇರೆ, ಊರಿಗೆ ಗೊತ್ತಿರುವವನೇ ಬೇರೆ.

ನನ್ನ ಕೆಲಸದಲ್ಲಿ ನೋಡಿ. ಕಾಯಿಲ್ ಸುಟ್ಟ ಮೋಟಾರ್ ಬರುತ್ತದೆ. ಒಳಗೆಲ್ಲ ಕರ್ರಗೆ. ಹಳೆ ತಂತಿ ಕತ್ತರಿಸಿ ತೆಗೆಯುತ್ತೇವೆ. ಸ್ಲಾಟ್ ಉಜ್ಜಿ, ಪೇಪರ್ ಹಾಕಿ, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಹಾಕಿ ಒಣಗಿಸುತ್ತೇವೆ. ಬಾಡಿ ಅದೇ. ನೇಮ್ ಪ್ಲೇಟ್ ಅದೇ. ತಗೊಂಡು ಹೋಗುವ ರೈತ 'ನನ್ನ ಮೋಟಾರ್ ಸರಿ ಆಯ್ತು' ಅಂತಾನೆ. 'ಇದು ಬೇರೆ ಮೋಟಾರ್' ಅನ್ನುವುದಿಲ್ಲ. ಹಾಗಾದರೆ ಮನುಷ್ಯನಲ್ಲಿ ಬಾಡಿ ಯಾವುದು, ತಂತಿ ಯಾವುದು?

ಆ ಕೆರೆ ಏರಿ ಮೇಲೆ ಬಿದ್ದಿದ್ದವನು ನಾನಲ್ಲ ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ. ಅದು ಸರಿಯಾ ತಪ್ಪಾ ಹೇಳಿ.

ಧಾರವಾಡದ ಅಕ್ಕ

ತಮ್ಮಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನಾನು ಆ ಕಡೆ ಕೂತವಳು, ಅಲ್ಲಿಂದಲೇ ಹೇಳುತ್ತೇನೆ.

ನಮ್ಮ ಮನೆಯವರು ಐದು ಸಲ ಬಿಟ್ಟರು. ಐದು ಸಲವೂ 'ಇನ್ನ ನಾ ಬ್ಯಾರೇನ ಮನಶಾ ಆಗೇನಿ' ಅಂದರು. ಮೊದಲ ಮೂರು ಸಲ ನಂಬಿದೆ. ನಾಲ್ಕನೆಯ ಸಲ ನಂಬಿದ ಹಾಗೆ ಮಾಡಿದೆ. ಐದನೆಯ ಸಲ ಅವರ ಮುಖ ಕೂಡ ನೋಡಲಿಲ್ಲ. ಅದಾದ ಎರಡು ವರ್ಷಕ್ಕೆ ತೀರಿಕೊಂಡರು. ಐದನೆಯ ಸಲ ನಿಜವಾಗಿಯೂ ಬದಲಾಗಿದ್ದರೋ ಏನೋ, ನಾನು ನೋಡಲಿಲ್ಲ ಅನ್ನುವುದು ಈಗಲೂ ಎದೆಯಲ್ಲಿ ಚುಚ್ಚುತ್ತದೆ.

ಆ ಹಿರಿಯರ ಮಾತು ಒರಟು. ನಾಲ್ಕು ಜನರ ಮುಂದೆ ಹಾಗೆ ಅನ್ನಬಾರದಿತ್ತು. ಆದರೆ ನಿಮ್ಮ ಒಳಗಿನ ತಂತಿ ಹೊಸದು ಅನ್ನುವುದು ನಿಮಗೆ ಗೊತ್ತು. ನೋಡುವವರಿಗೆ ಕಾಣುವುದು ಬಾಡಿ ಮತ್ತು ನೇಮ್ ಪ್ಲೇಟ್ ಮಾತ್ರ ಅಲ್ವಾ? ಅವರು ಓಡಿಸಿ ನೋಡಬೇಕು. ಒಂಬತ್ತು ವರ್ಷ ಓಡಿದೆ, ಅದು ಕಡಿಮೆ ಅಲ್ಲ. ಕೆಲವರಿಗೆ ಅದು ಸಾಲುವುದಿಲ್ಲ, ಯಾಕೆಂದರೆ ಅವರು ಬೇರೆ ಎಲ್ಲೋ ಸುಟ್ಟುಕೊಂಡಿರುತ್ತಾರೆ.

ಬೆಳ್ಳಿ ಚುಕ್ಕಿ

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಅಂತಲೂ ಹೇಳುತ್ತಾರಲ್ಲ. ಅದನ್ನು ನಾನು ನಂಬುತ್ತೇನೆ, ಆದರೆ ನಿಮ್ಮ ಪರವಾಗಿ. ನೀವು ಮೊದಲಿನಿಂದಲೂ ಒಳ್ಳೆಯವರೇ ಇದ್ದಿರಿ. ಕುಡಿತ ಅದನ್ನು ಮುಚ್ಚಿತ್ತು. ಈಗ ಧೂಳು ಹೋಗಿದೆ, ಒಳಗಿದ್ದದ್ದು ಕಾಣುತ್ತಿದೆ. ಮನುಷ್ಯ ಬದಲಾಗುವುದಿಲ್ಲ ಅಣ್ಣಾ, ಹೊರಗೆ ಬರುತ್ತಾನೆ.

ನೈಟ್ ಡ್ಯೂಟಿ

ನಾನು ಸ್ಟಾಫ್ ನರ್ಸ್. ಬಾಡಿ ಯಾವುದು, ತಂತಿ ಯಾವುದು ಅಂತ ಕೇಳಿದಿರಲ್ಲ, ಅದಕ್ಕೆ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅಂದರೆ ಯುಗಾದಿಗೆ ನಿಮ್ಮ ಮೈಯಲ್ಲಿ ಹರಿಯುತ್ತಿದ್ದ ರಕ್ತಕಣ ಗಣೇಶನ ಹಬ್ಬದ ಹೊತ್ತಿಗೆ ಇರುವುದಿಲ್ಲ. ಕರುಳಿನ ಒಳಪದರ ಕೆಲವೇ ದಿನಕ್ಕೆ ಹೊಸದಾಗುತ್ತದೆ. ಹಾಗಂತ ಎಲ್ಲವೂ ಬದಲಾಗುತ್ತದೆ ಅನ್ನುವುದು ತಪ್ಪು. ಹೃದಯದ ಸ್ನಾಯುವಿನ ಜೀವಕೋಶ 25ರ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು ಮಾತ್ರ ಬದಲಾಗುತ್ತದೆ, ವಯಸ್ಸಾದ ಹಾಗೆ ಇನ್ನೂ ಕಡಿಮೆ. ಮಿದುಳಿನ ಹೊರಪದರದ ನರಕೋಶಗಳಂತೂ ಹುಟ್ಟಿನಿಂದ ಸಾಯುವ ತನಕ ಅವೇ. ಇದು ಹೇಗೆ ಗೊತ್ತಾಯಿತು ಅಂದರೆ, 1950ರ ದಶಕದಿಂದ 1963ರ ತನಕ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಜಾಸ್ತಿ ಆಗಿತ್ತು. ಜೀವಕೋಶ ಹುಟ್ಟಿದ ವರ್ಷದ ಗುರುತು ಅದರ ಡಿಎನ್ಎಯಲ್ಲಿ ಉಳಿದುಬಿಡುತ್ತದೆ. ಅದನ್ನು ಅಳೆದು ಸ್ವೀಡನ್ನಿನ ವಿಜ್ಞಾನಿಗಳು ಲೆಕ್ಕ ಹಾಕಿದರು.

ಹಾಗಾಗಿ ನಿಮ್ಮ ಉದಾಹರಣೆ ಮನುಷ್ಯನಿಗೆ ಅರ್ಧ ಮಾತ್ರ ಹೊಂದುತ್ತದೆ. ನಿಮ್ಮ ಮಿದುಳಿನ ತಂತಿ ಹೊಸದಲ್ಲ. ಅದೇ ತಂತಿ, ಜೋಡಣೆ ಬೇರೆ. ಹೊಸದು ಕಲಿತ ಹಾಗೆ, ಅಭ್ಯಾಸ ಬದಲಾದ ಹಾಗೆ ನರಕೋಶಗಳ ನಡುವಿನ ಕೊಂಡಿಗಳು ಗಟ್ಟಿಯಾಗುತ್ತವೆ, ಸಡಿಲವಾಗುತ್ತವೆ. ಹದಿಮೂರು ವರ್ಷ ಕುಡಿದ ಮಿದುಳೂ ಅದೇ, ಒಂಬತ್ತು ವರ್ಷ ಕುಡಿಯದೆ ಇದ್ದದ್ದೂ ಅದೇ.

ನಮಗೆ ಪಾಠದಲ್ಲಿ ಫಿನಿಯಸ್ ಗೇಜ್ ಎಂಬ ಮನುಷ್ಯನ ಕಥೆ ಇತ್ತು. ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವವರ ಮೇಸ್ತ್ರಿ. 1848ರ ಸೆಪ್ಟೆಂಬರ್‌ನಲ್ಲಿ ಸಿಡಿಮದ್ದು ಹಾರಿ ಮೂರೂವರೆ ಅಡಿ ಉದ್ದದ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ತಲೆಯ ಮೇಲಿನಿಂದ ಹೊರಗೆ ಹೋಯಿತು. ಬದುಕಿದ. ಆದರೆ ಶಾಂತನಾಗಿದ್ದವನು ಸಿಡುಕನಾದ, ಬಾಯಿಗೆ ಬಂದದ್ದು ಬೈಯುವವನಾದ. 'ಇವನು ಈಗ ಗೇಜ್ ಅಲ್ಲ' ಎಂದು ಗೆಳೆಯರು ಹೇಳಿದ್ದನ್ನು ಅವನ ವೈದ್ಯರು ಬರೆದಿಟ್ಟರು. ಎಲ್ಲರೂ ಕಥೆಯನ್ನು ಅಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಇಷ್ಟವಾಗುವುದು ಅದರ ಮುಂದಿನದು. ಅದೇ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಅಷ್ಟು ಕುದುರೆ, ಅಷ್ಟು ಪ್ರಯಾಣಿಕರು, ಕೆಟ್ಟ ದಾರಿ. ತಾಳ್ಮೆ ಇಲ್ಲದವನು ಮಾಡುವ ಕೆಲಸ ಅಲ್ಲ ಅದು. ಒಂದು ಸಲ ಬದಲಾದವನು ಮತ್ತೆ ಬದಲಾಗಿರಬೇಕು. ಅವನ ಊರಿನವರು ಅದನ್ನು ನೋಡಲೇ ಇಲ್ಲ.

ಎಂಎ ಮನಶ್ಶಾಸ್ತ್ರ

ಬೆಳ್ಳಿ ಚುಕ್ಕಿ ಅವರೇ, ಮೂರು ವರ್ಷದ ಬುದ್ಧಿಯ ಬಗ್ಗೆ ಒಂದು ಮಾತು. ಸ್ಕಾಟ್ಲೆಂಡ್‌ನಲ್ಲಿ 14 ವರ್ಷದ ಮಕ್ಕಳ ಸ್ವಭಾವಕ್ಕೆ ಅವರ ಶಿಕ್ಷಕರು 1950ರಲ್ಲಿ ಅಂಕ ಕೊಟ್ಟಿದ್ದರು. ಆತ್ಮವಿಶ್ವಾಸ, ಹಿಡಿದ ಕೆಲಸ ಬಿಡದಿರುವುದು, ಇಂಥವಕ್ಕೆ. ಅವರಲ್ಲಿ ಸಿಕ್ಕವರನ್ನು 77ರ ವಯಸ್ಸಿನಲ್ಲಿ ಮತ್ತೆ ನೋಡಿದರು. ಎರಡು ಅಂಕಗಳಿಗೂ ಸಂಬಂಧವೇ ಇಲ್ಲ ಅನ್ನುವಷ್ಟು ಕಡಿಮೆ ಸಂಬಂಧ. 2016ರಲ್ಲಿ ಇದು ಪ್ರಕಟವಾಯಿತು. ಮೊದಲ ಸಲ ಅಂಕ ಕೊಟ್ಟವರು ಬೇರೆ, ಎರಡನೆಯ ಸಲ ಬೇರೆ, ಆ ಕೊರತೆ ಇದೆ. ಹತ್ತು ಹದಿನೈದು ವರ್ಷದ ಅಂತರದಲ್ಲಿ ನೋಡಿದರೆ ಸ್ವಭಾವ ಸಾಕಷ್ಟು ಹಾಗೇ ಇರುತ್ತದೆ, ಅದರಲ್ಲೂ ಮೂವತ್ತು ದಾಟಿದ ಮೇಲೆ. ಅರವತ್ತು ವರ್ಷ ಅಂದರೆ ಬೇರೆ ಮಾತು.

ಇನ್ನೊಂದು, 2013ರದು. 19,000ಕ್ಕಿಂತ ಜಾಸ್ತಿ ಜನರನ್ನು ಕೇಳಿದರು: ಹೋದ ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ, ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗುತ್ತೀರಿ? ಚಿಕ್ಕವರೂ ದೊಡ್ಡವರೂ ಹೇಳಿದ್ದು ಒಂದೇ. ಬದಲಾದದ್ದು ಬಹಳ, ಇನ್ನು ಅಷ್ಟಾಗಿ ಆಗಲಿಕ್ಕಿಲ್ಲ. ಅದನ್ನು ಓದಿದ ದಿನ ನನ್ನ ಡೈರಿ ತೆಗೆದು ನೋಡಿದೆ. ಹದಿನೆಂಟರಲ್ಲಿ ನಾನೂ ಹಾಗೇ ಬರೆದಿದ್ದೆ.

ನಿವೃತ್ತ ಮೇಷ್ಟ್ರು

ತುಂಗಾ ತೀರ ಅವರೇ, ನಿಮ್ಮ ಪ್ರಶ್ನೆ ಮುನ್ನೂರು ವರ್ಷಕ್ಕೂ ಹಳೆಯದು. ಹೆಚ್ಚುಕಡಿಮೆ ಇದೇ ಮಾತಿನಲ್ಲಿ ಕೇಳಿದವರಿದ್ದಾರೆ.

ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 1694ರಲ್ಲಿ ತನ್ನ ದೊಡ್ಡ ಗ್ರಂಥದ ಎರಡನೆಯ ಮುದ್ರಣಕ್ಕೆ ಒಂದು ಹೊಸ ಅಧ್ಯಾಯ ಸೇರಿಸಿದ. ಅವನ ಮಾತಿನ ಸಾರ ಇದು. ದೇಹ ಒಂದೇ ಆಗಿರುವುದರಿಂದ ವ್ಯಕ್ತಿ ಒಬ್ಬನಾಗುವುದಿಲ್ಲ. 'ಇದನ್ನು ಮಾಡಿದ್ದು ನಾನು' ಎಂಬ ಅರಿವು ಎಲ್ಲಿಯ ತನಕ ಹಿಂದಕ್ಕೆ ಹೋಗುತ್ತದೋ ಅಲ್ಲಿಯ ತನಕ ಅದೇ ವ್ಯಕ್ತಿ. ಆಮೇಲೆ ತಾನೇ ಕೇಳಿಕೊಳ್ಳುತ್ತಾನೆ: ಕುಡಿದವನು ಮತ್ತು ಅಮಲು ಇಳಿದವನು ಒಬ್ಬನೇ ಅಲ್ಲವೇ? ಅಲ್ಲದಿದ್ದರೆ ನೆನಪೇ ಇಲ್ಲದ ತಪ್ಪಿಗೆ ಶಿಕ್ಷೆ ಯಾಕೆ ಕೊಡುತ್ತಾರೆ? ಅವನ ಉತ್ತರ: ನಿಜವಾಗಿ ನೆನಪಿಲ್ಲವೋ, ನಟನೆಯೋ ಎಂದು ನ್ಯಾಯಾಲಯಕ್ಕೆ ಗೊತ್ತಾಗುವುದಿಲ್ಲ, ಅದಕ್ಕೆ ಶಿಕ್ಷೆ ಕೊಡುತ್ತದೆ. ದೇವರ ಮುಂದೆ ಮಾತ್ರ ಯಾರೂ ತನಗೆ ಅರಿವಿಲ್ಲದ್ದಕ್ಕೆ ಉತ್ತರ ಕೊಡಬೇಕಾಗಿಲ್ಲ.

ಇದಕ್ಕೆ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ 1785ರಲ್ಲಿ ಒಂದು ತೊಡಕು ಹಾಕಿದ. ಒಬ್ಬ ಹುಡುಗ ತೋಟದಲ್ಲಿ ಹಣ್ಣು ಕದ್ದು ಏಟು ತಿನ್ನುತ್ತಾನೆ. ಯುವಕನಾಗಿ ಸೈನ್ಯ ಸೇರಿ ಶತ್ರುವಿನ ಬಾವುಟ ಕಿತ್ತುಕೊಳ್ಳುತ್ತಾನೆ. ಮುದುಕನಾದಾಗ ಸೇನಾಪತಿ. ಸೇನಾಪತಿಗೆ ಬಾವುಟ ನೆನಪಿದೆ, ಏಟು ಮರೆತಿದೆ. ಯುವಕನಿಗೆ ಏಟು ನೆನಪಿತ್ತು. ಹಾಗಾದರೆ ಸೇನಾಪತಿಯೇ ಆ ಯುವಕ, ಯುವಕನೇ ಆ ಹುಡುಗ, ಆದರೆ ಸೇನಾಪತಿ ಆ ಹುಡುಗ ಅಲ್ಲ ಅಂತಾಯಿತು. ಇದು ಹೇಗೆ ಸಾಧ್ಯ?

ಮೂವತ್ತು ವರ್ಷ ಇದನ್ನು ಪಾಠ ಮಾಡಿದೆ. ಮಕ್ಕಳು ಬರೆದುಕೊಂಡರು. ಯಾರೂ ಹೀಗೆ ತಮ್ಮ ಜೀವನ ತಂದು ಮುಂದೆ ಇಡಲಿಲ್ಲ. ನಿಮಗೆ ಆ ಕೆರೆ ಏರಿ ನೆನಪಿದೆ. ಲಾಕ್‌ನ ಲೆಕ್ಕದಲ್ಲಿ ಅವನು ನೀವೇ.

ಮಳೆಗಾಲ

ಮೇಷ್ಟ್ರೇ, ನೆನಪಿನ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಪ್ಪ ಬಹಳ ಹೊಡೆಯುತ್ತಿದ್ದರು. ಅಮ್ಮನನ್ನು, ನನ್ನನ್ನು, ತಮ್ಮನನ್ನು. ಬೆಲ್ಟಿನಲ್ಲಿ. ಈಗ ಅವರಿಗೆ 78, ಮರೆವಿನ ಕಾಯಿಲೆ ಬಂದು ನಾಲ್ಕು ವರ್ಷ. ನನ್ನನ್ನು 'ಅಮ್ಮಾ' ಅಂತ ಕರೆಯುತ್ತಾರೆ, ತಮ್ಮ ತಾಯಿ ಅಂದುಕೊಂಡು. ಊಟ ಮಾಡಿಸಿದರೆ ಕೈ ಮುಗಿಯುತ್ತಾರೆ. ಇಷ್ಟು ಮೃದುವಾದ ಮನುಷ್ಯನನ್ನು ನಾನು ಆ ಮನೆಯಲ್ಲಿ ಯಾವತ್ತೂ ನೋಡಿರಲಿಲ್ಲ.

ನನ್ನ ಕೋಪ ಎಲ್ಲಿಡಲಿ? ಹೊಡೆದವರು ಹೋಗಿಬಿಟ್ಟರು. ಕೇಳಬೇಕಿತ್ತು, ಕೇಳುವ ಮುಂಚೆಯೇ ಹೋದರು. ಉಳಿದಿರುವ ಇವರಿಗೆ ಏನೂ ಗೊತ್ತಿಲ್ಲ. ಅವರಿಗೆ ಅರಿವಿಲ್ಲ, ಆದ್ದರಿಂದ ಅವರಲ್ಲ ಅಂತ ನಿಮ್ಮ ಲಾಕ್ ಹೇಳಿದರೆ, ನನ್ನ ಬೆನ್ನ ಮೇಲಿರುವುದು ಯಾರ ಗುರುತು?

ನಿವೃತ್ತ ಮೇಷ್ಟ್ರು

ತಾಯಿ, ನಿಮ್ಮ ಮಾತು ಓದಿ ನಿನ್ನೆ ಉತ್ತರ ಬರೆಯಲು ಆಗಲಿಲ್ಲ. ಲಾಕ್ ನಿಮಗೆ ಸಾಲುವುದಿಲ್ಲ. ನನ್ನ ಪಾಠದಲ್ಲಿ ತಪ್ಪು ಮಾಡಿದವನ ನೆನಪು ಮಾತ್ರ ಇತ್ತು, ಅದನ್ನು ಅನುಭವಿಸಿದವರ ನೆನಪು ಇರಲಿಲ್ಲ. ನಡೆದದ್ದು ನಡೆದಿದೆ ಎಂಬುದಕ್ಕೆ ನೀವು ಸಾಕ್ಷಿ. ಅವರು ಮರೆತರೂ ಅದು ಅಳಿಸುವುದಿಲ್ಲ.

ಇದಕ್ಕೆ ನಮ್ಮ ಕಡೆಯ ಒಂದು ಹಳೆಯ ಮಾತುಕತೆ ಹತ್ತಿರ ಬರುತ್ತದೆ. ಗ್ರೀಕ್ ಮೂಲದ ರಾಜ ಮಿಲಿಂದ ಮತ್ತು ಬೌದ್ಧ ಭಿಕ್ಷು ನಾಗಸೇನರ ನಡುವಿನದು. ರಾಜ ಕೇಳುತ್ತಾನೆ: ಮತ್ತೆ ಹುಟ್ಟುವವನು ಇವನೇ ಅಲ್ಲದಿದ್ದರೆ, ಮಾಡಿದ ತಪ್ಪಿನಿಂದ ಬಿಡುಗಡೆ ಆದ ಹಾಗಲ್ಲವೇ? ನಾಗಸೇನ ಹೇಳುತ್ತಾರೆ: ಒಬ್ಬ ಇನ್ನೊಬ್ಬನ ಮರದಿಂದ ಮಾವಿನ ಹಣ್ಣು ಕದ್ದ ಅಂದುಕೋ. ಸಿಕ್ಕಿಬಿದ್ದ. 'ಇವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ. ನಾನು ಇವನದನ್ನು ಕದ್ದಿಲ್ಲ' ಎಂದು ವಾದಿಸಿದ. ಬಿಡುತ್ತೀಯಾ? ಇಲ್ಲ, ಅನ್ನುತ್ತಾನೆ ರಾಜ. ನೆಟ್ಟ ಓಟೆಯಿಂದಲೇ ತಾನೇ ಈ ಹಣ್ಣು ಬಂದದ್ದು? ಇನ್ನೊಂದು ಕಡೆ ದೀಪದ ಮಾತು ಬರುತ್ತದೆ. ಮೊದಲ ಜಾವದ ಉರಿಯೇ ಕೊನೆಯ ಜಾವದ ಉರಿಯೇ? ಅದೂ ಅಲ್ಲ, ಬೇರೆಯೂ ಅಲ್ಲ. ಒಂದರಿಂದ ಒಂದು ಹೊತ್ತಿಕೊಂಡು ಬಂದದ್ದು.

ರೀಡ್‌ನ ಹುಡುಗನೂ ಹಣ್ಣು ಕದ್ದವನು, ನಾಗಸೇನರ ಕಳ್ಳನೂ ಹಣ್ಣು ಕದ್ದವನು. ಹೆಚ್ಚುಕಡಿಮೆ ಎರಡು ಸಾವಿರ ವರ್ಷದ ಅಂತರದಲ್ಲಿ ಇಬ್ಬರೂ ತೋಟಕ್ಕೇ ಹೋದದ್ದು ನನಗೆ ಯಾವಾಗಲೂ ಆಶ್ಚರ್ಯ.

ನಿಮ್ಮ ತಂದೆಯ ವಿಷಯದಲ್ಲಿ ನಾನು ಇಷ್ಟೇ ಹೇಳಬಲ್ಲೆ. ಕೋಪ ಇಟ್ಟುಕೊಂಡೇ ಊಟ ಮಾಡಿಸುವುದು ತಪ್ಪಲ್ಲ. ಎರಡೂ ಒಂದೇ ಮನುಷ್ಯನಿಗೆ ಸಲ್ಲಬಹುದು.

ಮಳೆಗಾಲ

ಸರ್, ಇದನ್ನು ತಮ್ಮನಿಗೆ ಕಳಿಸಿದೆ. ಅವನು ಮೂರು ವರ್ಷದಿಂದ ಅಪ್ಪನನ್ನು ನೋಡಲು ಬಂದಿಲ್ಲ. ಬಾ ಅಂತ ಕರೆದಿಲ್ಲ, ಓದು ಅಂದೆ ಅಷ್ಟೇ.

ಕರಿ ಕೋಟು

ಕಾನೂನು ಏನನ್ನುತ್ತದೆ, ಚಿಕ್ಕದಾಗಿ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 23 ಮತ್ತು 24 (ಹಳೆಯ ಐಪಿಸಿಯ 85, 86). ಗೊತ್ತಿಲ್ಲದ ಹಾಗೆ ಅಥವಾ ಬಲವಂತವಾಗಿ ಯಾರೋ ಕುಡಿಸಿದ್ದರೆ ಮಾತ್ರ ವಿನಾಯಿತಿ. ತಾನೇ ಕುಡಿದವನಿಗೆ 'ಅಮಲಿನಲ್ಲಿ ಗೊತ್ತಾಗಲಿಲ್ಲ' ಅನ್ನುವ ಮಾತು ನಡೆಯುವುದಿಲ್ಲ. ಹಾಗೆಯೇ 2015ರ ಬಾಲನ್ಯಾಯ ಕಾಯ್ದೆ ನೋಡಿ. 18 ತುಂಬದವರು ತಪ್ಪು ಮಾಡಿದ್ದರೆ, ದೊಡ್ಡವರಂತೆ ವಿಚಾರಣೆ ನಡೆದ ಘೋರ ಪ್ರಕರಣಗಳನ್ನು ಬಿಟ್ಟು, ಆ ಕಳಂಕ ಮುಂದಿನ ಜೀವನಕ್ಕೆ ಅಡ್ಡ ಬರಬಾರದು. ಅಂದರೆ ಕಾನೂನು ಎರಡನ್ನೂ ಒಪ್ಪುತ್ತದೆ. ನೀನೇ ಮಾಡಿದ್ದು, ಆದರೆ ನೀನು ಅಷ್ಟೇ ಅಲ್ಲ.

ತುಂಗಾ ತೀರ ಅವರಿಗೆ ಒಂದು ಪ್ರಶ್ನೆ. ಆ ಕಿರಾಣಿ ಸಾಲ ಏನಾಯಿತು? ಅಂಥ ಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುತ್ತದೆ. ಆಮೇಲೆ ಕೋರ್ಟಿಗೆ ಹೋದರೂ ವಸೂಲಿ ಆಗುವುದಿಲ್ಲ.

ತುಂಗಾ ತೀರ

ವಕೀಲರೇ, ಆ ಸಾಲ ತೀರಿಸಿದೆ. 11,400 ರೂಪಾಯಿ. ಬಿಟ್ಟ ಎರಡನೆಯ ವರ್ಷ ತೆಗೆದುಕೊಂಡು ಹೋದೆ. ಅಂಗಡಿಯವರು ನನ್ನ ಪುಟ ಯಾವತ್ತೋ ಹೊಡೆದು ಹಾಕಿದ್ದರು. ಬೇಡ ಅಂದರು. ನಾನು ಹಟ ಮಾಡಿ ಕೊಟ್ಟೆ. ಬೆಂಡೋಲೆ ಕೂಡ ಮಾಡಿಸಿಕೊಟ್ಟೆ, ಅದೇ ನಮೂನೆ ಸಿಗಲಿಲ್ಲ.

ಕರಿ ಕೋಟು

ಹಾಗಾದರೆ ನಿಮ್ಮ ಪ್ರಶ್ನೆಗೆ ನೀವೇ ಏಳು ವರ್ಷದ ಹಿಂದೆ ಉತ್ತರ ಕೊಟ್ಟಿದ್ದೀರಿ. ಬೇರೆಯವನು ಮಾಡಿದ ಸಾಲವನ್ನು, ಕಾನೂನು ಕೂಡ ಬಿಟ್ಟ ಸಾಲವನ್ನು, ಬೇಡ ಅಂದರೂ ಯಾರು ತೀರಿಸುತ್ತಾರೆ? ನೀವು ಅವನೇ ಎಂದು ಒಪ್ಪಿಕೊಂಡಿದ್ದಕ್ಕೇ ಆ ದುಡ್ಡು ಕೊಟ್ಟಿರಿ.

ಇವತ್ತೊಂದು ದಿನ

ನಾನು ಬೆಂಗಳೂರಿನವನು. ನಾನೊಬ್ಬ ಮದ್ಯವ್ಯಸನಿ. 22 ವರ್ಷದಿಂದ ಕುಡಿದಿಲ್ಲ. ಈ ಎರಡೂ ವಾಕ್ಯವನ್ನು ಒಟ್ಟಿಗೇ ಓದಿ.

1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಒಬ್ಬ ಷೇರು ವ್ಯಾಪಾರಿ ಮತ್ತು ಒಬ್ಬ ಸರ್ಜನ್, ಇಬ್ಬರೂ ಕುಡುಕರು, ಸೇರಿ ಶುರು ಮಾಡಿದ ಕೂಟ ನಮ್ಮದು. ಆಲ್ಕೊಹಾಲಿಕ್ಸ್ ಅನಾನಿಮಸ್, ಬಾಯಿಮಾತಿನಲ್ಲಿ ಎಎ. ಮೀಟಿಂಗಿನಲ್ಲಿ ಎದ್ದು ನಿಂತರೆ ಮೊದಲು ಹೆಸರು, ಆಮೇಲೆ 'ನಾನೊಬ್ಬ ಮದ್ಯವ್ಯಸನಿ'. ನಿನ್ನೆ ಬಂದವನೂ ಹಾಗೇ ಹೇಳುತ್ತಾನೆ, ನಲವತ್ತು ವರ್ಷದ ಹಿಂದೆ ಬಿಟ್ಟವರೂ ಹಾಗೇ ಹೇಳುತ್ತಾರೆ. 'ಆಗಿದ್ದೆ' ಅನ್ನುವುದಿಲ್ಲ.

ತುಂಗಾ ತೀರ, ನಿಮ್ಮ 'ಅವನು ನಾನಲ್ಲ' ಅನ್ನುವ ಮಾತು ನನಗೆ ಭಯ ಹುಟ್ಟಿಸಿತು. ನಾನು ಒಂದು ಸಲ ನಾಲ್ಕು ವರ್ಷ ಬಿಟ್ಟಿದ್ದೆ. ಆಗ ನಿಮ್ಮ ಹಾಗೇ ಅನ್ನಿಸಿತು. ಆ ಕುಡುಕ ಸತ್ತ, ನಾನು ಬೇರೆ. ಬೇರೆಯವನು ಒಂದು ಗ್ಲಾಸ್ ಕುಡಿದರೆ ಏನಾಗುತ್ತದೆ ಅಂತ ತಂಗಿಯ ಮದುವೆಯಲ್ಲಿ ಕುಡಿದೆ. ಮತ್ತೆ ಮೂರು ವರ್ಷ ಹೋಯಿತು. ಆ ಕುಡುಕ ಎಲ್ಲೂ ಹೋಗಿರಲಿಲ್ಲ. ಕಾಯುತ್ತಿದ್ದ.

ಶಿಬಿರದ ಸ್ವಯಂಸೇವಕ

ಇದನ್ನು ಒಪ್ಪುವುದು ನನಗೆ ಕಷ್ಟ. ಗೌರವದಿಂದಲೇ ಹೇಳುತ್ತೇನೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಎಂಟು ದಿನದ ಶಿಬಿರ. ಮುಗಿಸಿ ಹೊರಗೆ ಬಂದವರನ್ನು ನಾವು 'ನವಜೀವನ ಸದಸ್ಯರು' ಅನ್ನುತ್ತೇವೆ. ಆಮೇಲೂ ಒಟ್ಟಿಗೆ ಸೇರಲು ನವಜೀವನ ಸಮಿತಿ ಇದೆ. ಕೊನೆಯ ದಿನ ಹೆಂಡತಿ ಮಕ್ಕಳು ಬಂದಿರುತ್ತಾರೆ. ಅವರ ಎದುರು ನಿಂತವನಿಗೆ 'ನೀನು ಕುಡುಕ' ಅನ್ನುವುದಕ್ಕಿಂತ 'ನಿನಗೆ ಹೊಸ ಜೀವನ' ಅನ್ನುವುದು ಜಾಸ್ತಿ ಬಲ ಕೊಡುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. ಊರೆಲ್ಲ ಕುಡುಕ ಅಂತ ಕರೆದು ಕರೆದೇ ಅವನು ಅಲ್ಲಿಗೆ ಬಂದಿರುತ್ತಾನೆ. ಬಿಟ್ಟ ಮೇಲೂ ಅದೇ ಹೆಸರಾ?

ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು. ಹೆಂಡ ಮಾರುವ ಕಾಯಕ. ಕುಡಿಯಲು ಬಂದವರಿಗೇ ಕುಡಿತ ಬಿಡಿ ಎಂದು ಹೇಳುತ್ತಿದ್ದರು ಅಂತ ಕಥೆ. ವಚನಗಳನ್ನೂ ಬರೆದಿದ್ದಾರೆ. ಎಂಟುನೂರು ವರ್ಷ ಆಯಿತು, ನಾವು ಇನ್ನೂ ಅವರನ್ನು ಹೆಂಡದ ಮಾರಯ್ಯ ಅಂತಲೇ ಕರೆಯುತ್ತೇವೆ.

ಇವತ್ತೊಂದು ದಿನ

ಸ್ವಯಂಸೇವಕ ಅವರೇ, ನಿಮ್ಮ ಕೊನೆಯ ಮಾತು ನನ್ನ ಪರವಾಗಿಯೇ ಇದೆ ಅನ್ನಿಸುತ್ತದೆ. ಹೆಂಡದ ಅನ್ನುವ ಹೆಸರು ಇದ್ದರೂ ಅವರು ಶರಣರು. ಹೆಸರು ಅವರನ್ನು ಕೆಳಗೆ ಎಳೆಯಲಿಲ್ಲ.

ಬೇರೆಯವರು ಕುಡುಕ ಅನ್ನುವುದಕ್ಕೂ, ನಾನೇ ನನ್ನ ಬಾಯಲ್ಲಿ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಅವರು ಹೇಳಿದರೆ ಬಾಗಿಲು ಮುಚ್ಚುತ್ತದೆ. ನಾನು ಹೇಳಿದರೆ ಎದುರು ಕೂತ ಹೊಸಬನಿಗೆ ಬಾಗಿಲು ತೆರೆಯುತ್ತದೆ. ನಮ್ಮಲ್ಲೂ ಹೊಸ ಜೀವನ ಇದೆ. ಕುಡಿತ ಬಿಟ್ಟ ದಿನವನ್ನು ಹುಟ್ಟುಹಬ್ಬ ಅನ್ನುತ್ತೇವೆ. ನನಗೀಗ 22. ಹನ್ನೆರಡು ಹೆಜ್ಜೆಗಳಲ್ಲಿ ಒಂಬತ್ತನೆಯದು, ನಾವು ನೋಯಿಸಿದವರ ಹತ್ತಿರ ಹೋಗಿ ಸರಿ ಮಾಡಿಕೊಳ್ಳುವುದು. 22 ವರ್ಷದ ಹುಡುಗ ಹೋಗಿ ಯಾರದೋ ತಪ್ಪಿಗೆ ಕ್ಷಮೆ ಕೇಳಿದರೆ ಅದಕ್ಕೆ ಬೆಲೆ ಇಲ್ಲ. ಮಾಡಿದವನೇ ಹೋಗಬೇಕು.

ಶಿಬಿರದ ಸ್ವಯಂಸೇವಕ

ಈ ಮಾತು ಒಪ್ಪಿದೆ. ಯಾರ ಬಾಯಿಂದ ಬರುತ್ತದೆ ಅನ್ನುವುದು ದೊಡ್ಡದು. ಆದರೂ ಎಂಟನೆಯ ದಿನ ನಾನು ನವಜೀವನ ಅಂತಲೇ ಕರೆಯುತ್ತೇನೆ.

ಬೆಳ್ಳಿ ಚುಕ್ಕಿ

ಮೊದಲು ಧೂಳು ಅಂತ ಬರೆದಿದ್ದೆ. ಎಲ್ಲ ಓದಿದ ಮೇಲೆ ಅದು ಅಷ್ಟು ಸರಿ ಕಾಣುತ್ತಿಲ್ಲ. ಕುಡಿತ ಬರೀ ಧೂಳಾಗಿದ್ದರೆ ಒರೆಸಿದರೆ ಸಾಕಿತ್ತು. ಇವರು ಒಂಬತ್ತು ವರ್ಷ ದಿನಾ ದುಡಿದು ಆಗಿದ್ದಾರೆ. ಅದನ್ನು 'ಮೊದಲೇ ಒಳಗಿತ್ತು' ಅಂದರೆ ಅವರ ದುಡಿಮೆಯನ್ನು ಕಡಿಮೆ ಮಾಡಿದ ಹಾಗಾಗುತ್ತದೆ. ತಪ್ಪು ತಿಳಿಯಬೇಡಿ ಅಣ್ಣಾ.

ತುಂಗಾ ತೀರ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಾಲ್ಕು ದಿನದಿಂದ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಒಂದೊಂದೇ ಓದಿದೆ. ನಿನ್ನೆ ಹೆಂಡತಿಗೂ ಓದಿ ಹೇಳಿದೆ. ಅವಳಿಗೆ ಫೋನ್‌ನಲ್ಲಿ ಓದಿ ಅಭ್ಯಾಸ ಇಲ್ಲ.

ಪೂರ್ತಿ ಕೇಳಿಸಿಕೊಂಡಳು. ಅವಳಿಗೆ ಸಿಟ್ಟು ಬಂತು. ಕುಡಿತದ ಬಗ್ಗೆ ಅಲ್ಲ. 'ಅವನು ನಾನಲ್ಲ' ಅಂತ ಬರೆದಿದ್ದಕ್ಕೆ. 'ದೊಡ್ಡವನಿಗೆ ಎರಡು ವರ್ಷ ಇದ್ದಾಗ ಜ್ವರ ಬಂದು ಫಿಟ್ಸ್ ಆಯ್ತಲ್ಲ, ರಾತ್ರಿ ಬಸ್ಸಿಲ್ಲ, ಎತ್ತಿಕೊಂಡು ಆರು ಮೈಲಿ ನಡೆದದ್ದು ಯಾರು? ಅವತ್ತೂ ಕುಡಿದಿದ್ರಿ. ದಾರೀಲಿ ಎರಡು ಸಲ ಬಿದ್ರಿ, ಮಗೂನ ಬಿಡಲಿಲ್ಲ. ಅವನನ್ನ ಯಾರೋ ಅಂತ ಬರೆದುಬಿಟ್ರೆ ನಾನು ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದೆ?'

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಆ ಮನುಷ್ಯನನ್ನು ಪೂರ್ತಿ ತೆಗೆದು ಹಾಕಬೇಕು ಅಂತ ಒಂಬತ್ತು ವರ್ಷದಿಂದ ಹೆಣಗುತ್ತಿದ್ದೆ. ಅವನ ಜೊತೆ ಆ ರಾತ್ರಿಯೂ ಹೋಗುತ್ತದೆ ಅಂತ ಗೊತ್ತಾಗಲಿಲ್ಲ.

ಮೋಟಾರಿನ ವಿಷಯ ನಾನು ಮೊದಲು ಅರ್ಧ ಮಾತ್ರ ಬರೆದಿದ್ದೆ. ಸುಟ್ಟ ಕಾಯಿಲ್ ಕತ್ತರಿಸಿದ ತಕ್ಷಣ ಗುಜರಿಗೆ ಹಾಕುವ ಹಾಗಿಲ್ಲ. ಮೊದಲು ಅದರ ಸುತ್ತು ಎಣಿಸಬೇಕು. ಒಂದೊಂದು ಸ್ಲಾಟಿನಲ್ಲಿ ಎಷ್ಟು ಸುತ್ತು, ತಂತಿ ಎಷ್ಟು ಗೇಜ್, ಎಲ್ಲ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಆ ಲೆಕ್ಕ ಇಲ್ಲದಿದ್ದರೆ ಹೊಸದನ್ನು ಸುತ್ತಲು ಆಗುವುದಿಲ್ಲ. ಸುತ್ತಿದರೂ ಬೇಗ ಬಿಸಿಯಾಗಿ ಮತ್ತೆ ಸುಡುತ್ತದೆ. ನನ್ನ ಹತ್ತಿರ ಕಲಿಯುವ ಹುಡುಗರಿಗೆ ದಿನಾ ಹೇಳುವ ಮಾತು ಇದು.

ಜಾತ್ರೆ ಲೆಕ್ಕ ಬೇರೆಯವರಿಗೆ ಕೊಟ್ಟಿದ್ದಾರೆ. ಇರಲಿ. ಆ ಹಿರಿಯರ ಮಗನೂ ಕುಡಿಯುತ್ತಾನೆ ಅಂತ ಈಗ ಗೊತ್ತಾಯಿತು. ಧಾರವಾಡದ ಅಕ್ಕ, ನೀವು ಹೇಳಿದ್ದು ಸರಿ, ಅವರು ಬೇರೆ ಕಡೆ ಸುಟ್ಟುಕೊಂಡಿದ್ದಾರೆ.

ಧಾರವಾಡದ ಅಕ್ಕ

ನಿಮ್ಮ ಹೆಂಡತಿಗೆ ನನ್ನ ನಮಸ್ಕಾರ ತಿಳಿಸಿ. ನಮ್ಮವರಿಗೂ ಅಂಥ ರಾತ್ರಿಗಳಿದ್ದವು. ಅವನ್ನು ನೆನೆಸಿಕೊಳ್ಳಲು ನನಗೆ ನಾನೇ ಬಿಟ್ಟಿರಲಿಲ್ಲ.

ಮಗಳಿಗೆ ಗೊತ್ತಾ ತಮ್ಮಾ? ಜಾತ್ರೆಯಲ್ಲಿ ಊರೆಲ್ಲ ಸೇರುತ್ತದೆ. ಬೇರೆಯವರ ಬಾಯಿಂದ ಕೇಳುವ ಮುಂಚೆ ನಿಮ್ಮ ಬಾಯಿಂದ ಕೇಳಲಿ.

ತುಂಗಾ ತೀರ

ಗೊತ್ತಿಲ್ಲ ಅಕ್ಕಾ. ಅದನ್ನೇ ಯೋಚಿಸುತ್ತಿದ್ದೆ. ದೊಡ್ಡವನನ್ನು ಕೇಳಿದೆ, ಅವನಿಗೀಗ 15. 'ಹೇಳಿ ಅಪ್ಪಾ, ನಾನೂ ಬರ್ತೀನಿ' ಅಂದ.

ನಾಳೆ ಭಾನುವಾರ, ಅಂಗಡಿ ರಜೆ. ಸಂಜೆ ಇಬ್ಬರನ್ನೂ ಕರೆದುಕೊಂಡು ಕೆರೆ ಏರಿ ಮೇಲೆ ಹೋಗುತ್ತೇನೆ. ಬಿದ್ದಿದ್ದ ಜಾಗ ಇನ್ನೂ ಗೊತ್ತಿದೆ, ಅಲ್ಲೊಂದು ಹೊಂಗೆ ಮರ ಇದೆ. ಅಲ್ಲೇ ಕೂತು ಹೇಳುತ್ತೇನೆ.